ಅಘನಾಶಿನಿ: ಮೇಲಿನ ಒರತೆ, ಕೆಳಗಿನ ಗಜನಿ – ನಿಮ್ಮ ಕಡೆ ಹೊಳೆ ಹೇಗಿದೆ?

ತೋಟದಂಚು:
ಅಘನಾಶಿನಿ ನೀರನ್ನು ಬಯಲುಸೀಮೆಯ ವೇದಾವತಿ ಕಡೆ ತಿರುಗಿಸುವ ನದಿ ಜೋಡಣೆ ಮಾತು ಎದ್ದಾಗಿನಿಂದ ಉತ್ತರ ಕನ್ನಡದ ಈ ಹೊಳೆ ಬಗ್ಗೆ ಎಲ್ಲ ಕಡೆ ಚರ್ಚೆ ಆಗುತ್ತಿದೆ. ಒಳ್ಳೆಯದೇ. ಆದರೆ ನನಗೆ ಒಂದು ವಿಷಯ ಸರಿ ಕಾಣುತ್ತಿಲ್ಲ. ಘಟ್ಟದ ಮೇಲಿನ ನಾವು ಕಾಡು, ತೋಟ, ಜಲಪಾತ ಅಂತ ಮಾತಾಡುತ್ತೇವೆ. ಕುಮಟಾ ಕಡೆಯವರು ಮೀನು, ಗಜನಿ, ಬಂದರು ಅಂತ ಮಾತಾಡುತ್ತಾರೆ. ಇಬ್ಬರೂ ಒಂದೇ ಹೊಳೆ ಬಗ್ಗೆ ಹೇಳುತ್ತಿದ್ದೇವೆ ಅನ್ನುವುದು ಮಾತ್ರ ಮರೆತೇ ಹೋಗುತ್ತದೆ. ಸಭೆಗೆ ಹೋದರೆ ಇಲ್ಲಿಯವರು ಇಲ್ಲಿ, ಅಲ್ಲಿಯವರು ಅಲ್ಲಿ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹೊಳೆ ಹುಟ್ಟುವುದು ಶಿರಸಿಯ ಶಂಕರ ಹೊಂಡದಲ್ಲಿ ಅಂತ ಎಲ್ಲರಿಗೂ ಗೊತ್ತು. ಮಂಜುಗುಣಿ ಕಡೆಯಿಂದ ಇನ್ನೊಂದು ಕವಲು ಬಂದು ಸೇರುತ್ತದೆ. ಮುಂದೆ ಸಿದ್ದಾಪುರದ ಹೆಗ್ಗರಣಿ ಹತ್ತಿರ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಸುಮಾರು 120 ಕಿ.ಮೀ. ಹರಿದು ತದಡಿ ಹತ್ತಿರ ಸಮುದ್ರ ಸೇರುತ್ತದೆ. ಇಷ್ಟು ದೂರದಲ್ಲಿ ಎಲ್ಲೂ ಒಂದು ದೊಡ್ಡ ಅಣೆಕಟ್ಟು ಇಲ್ಲ. ಪಶ್ಚಿಮಕ್ಕೆ ಹರಿಯುವ ಪಕ್ಕದ ಶರಾವತಿ, ಕಾಳಿ ನೋಡಿದವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತಾಗುತ್ತದೆ.

ಆದರೆ ಶಂಕರ ಹೊಂಡ ಅನ್ನುವುದು ಹೆಸರಿಗೆ. ಬೇಸಿಗೆಯಲ್ಲಿ ಹೊಳೆಗೆ ನೀರು ಕೊಡುವುದು ಸಾವಿರಾರು ಸಣ್ಣ ಒರತೆಗಳು. ನಮ್ಮ ತೋಟದ ತಲೆಯಲ್ಲೂ ಒಂದಿದೆ. ಗುಡ್ಡದ ಬುಡದಲ್ಲಿ ಜಂಬಿಟ್ಟಿಗೆ ಕಲ್ಲು ಮುಗಿದು ಬಿಳಿ ಶೇಡಿ ಮಣ್ಣು ಶುರುವಾಗುವ ಗೆರೆ ಇರುತ್ತದಲ್ಲ, ಸರಿಯಾಗಿ ಅಲ್ಲೇ ನೀರು ಜಿನುಗುತ್ತದೆ. ಮಳೆ ನೀರು ಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ, ಶೇಡಿ ಮಣ್ಣಿನಲ್ಲಿ ಮುಂದೆ ಇಳಿಯಲಾಗದೆ ಪಕ್ಕಕ್ಕೆ ಬರುತ್ತದೆ. ಅಲ್ಲಿ ಕೈ ಇಟ್ಟರೆ ಏಪ್ರಿಲ್‌ನಲ್ಲೂ ತಣ್ಣಗಿರುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆ ಜೋಡಿಸಿ ಆ ಅಬ್ಬಿ ನೀರನ್ನು ಮನೆ ಬಚ್ಚಲವರೆಗೆ ತಂದಿದ್ದರು. ಈಗ ಪೈಪು ಹಾಕಿದ್ದೇವೆ. ನೀರು ಅದೇ, ಆದರೆ ಮೇ ತಿಂಗಳಲ್ಲಿ ಹೆಬ್ಬೆರಳು ದಪ್ಪ ಬರುತ್ತಿದ್ದುದು ಈಗ ಕಿರುಬೆರಳು ದಪ್ಪ ಆಗಿದೆ. ಸುತ್ತಲಿನ ಕೆಲವು ಮನೆಗಳಲ್ಲಿ ಪೂರ್ತಿ ನಿಂತೇ ಹೋಗಿದೆ, ಬೋರ್‌ವೆಲ್ ಹೊಡೆಸಿದ್ದಾರೆ.

ನಾನು ಕೇಳಬೇಕೆಂದಿರುವುದು ಇಷ್ಟೇ. ಕೆಳಗೆ ನಿಮಗೆ ಇದರ ಬಿಸಿ ತಟ್ಟುತ್ತಿದೆಯಾ? ಹೊಳೆಯಂಚಿನಲ್ಲಿ ಇರುವವರು ದಯವಿಟ್ಟು ಬರೆಯಿರಿ.

ಗಜನಿಮಣ್ಣು:
ಒಳ್ಳೆ ವಿಷಯ ಎತ್ತಿದಿರಿ ಅಣ್ಣ. ನಮ್ಮದು ಕುಮಟಾ ತಾಲೂಕು, ಗಜನಿ ಇರುವ ಮನೆ. ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಉಪ್ಪು ನೀರು ಬರುವ ಬಯಲಿಗೆ ಕಟ್ಟೆ ಕಟ್ಟಿ ಮಾಡಿದ ಗದ್ದೆಯೇ ಗಜನಿ. ಕಟ್ಟೆಯಲ್ಲಿ ಹಲಗೆಯ ಬಾಗಿಲುಗಳು ಇರುತ್ತವೆ. ಭರತಿ ಬರುವಾಗ ಹಾಕಬೇಕು, ಇಳಿತದಲ್ಲಿ ತೆಗೆಯಬೇಕು. ಮಳೆಗಾಲ ಶುರುವಾಗಿ ಜೋರು ಮಳೆ ಬಿದ್ದ ಮೇಲೆ ಹೊಳೆಯಲ್ಲಿ ಸಿಹಿ ನೀರು ತುಂಬುತ್ತದೆ, ಗದ್ದೆಯ ಉಪ್ಪು ತೊಳೆದು ಹೋಗುತ್ತದೆ. ಆಗ ಮೊಳಕೆ ಬರಿಸಿದ ಕಗ್ಗ ಬತ್ತ, ಅಂದರೆ ಉಪ್ಪು ತಾಳುವ ಊರಿನ ತಳಿ, ಬಿತ್ತುತ್ತೇವೆ. ಗೊಬ್ಬರ ಇಲ್ಲ, ಔಷಧಿ ಇಲ್ಲ, ನಾಟಿ ಇಲ್ಲ. ಗಿಡ ಆಳೆತ್ತರ ಬರುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಕೊಯ್ಲು. ತೆನೆ ಮಾತ್ರ ಕೊಯ್ಯುತ್ತೇವೆ, ಹುಲ್ಲು ಅಲ್ಲೇ ಬಿಡುತ್ತೇವೆ. ಆಮೇಲೆ ಬಾಗಿಲು ತೆಗೆದರೆ ಉಪ್ಪು ನೀರಿನ ಜೊತೆ ಸಿಗಡಿ, ಮೀನು ಒಳಗೆ ಬರುತ್ತವೆ. ಕೊಳೆತ ಹುಲ್ಲು ಅವಕ್ಕೆ ಆಹಾರ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ನೀವು ಕೇಳಿದ್ದಕ್ಕೆ ಉತ್ತರ: ಹೌದು, ತಟ್ಟುತ್ತಿದೆ. ಜೂನ್‌ನಲ್ಲಿ ಮಳೆ ತಡವಾದರೆ, ಹೊಳೆಯಲ್ಲಿ ಸಿಹಿ ನೀರಿನ ಒತ್ತಡ ಕಡಿಮೆ ಇದ್ದರೆ ಉಪ್ಪು ತೊಳೆಯುವುದೇ ಇಲ್ಲ. ಮೊಳಕೆ ಸುಟ್ಟ ಹಾಗೆ ಆಗುತ್ತದೆ. ಬೇಸಿಗೆಯಲ್ಲಿ ಹೊಳೆಯಂಚಿನ ಬಾವಿಗಳಲ್ಲಿ ಉಪ್ಪು ಬರುವುದು ಜಾಸ್ತಿ ಆಗಿದೆ. ಮೊದಲು ಇಷ್ಟು ಇರಲಿಲ್ಲ ಅಂತ ಹಿರಿಯರು ಹೇಳುತ್ತಾರೆ.

ಎಲ್ಲ ತಪ್ಪನ್ನೂ ಮೇಲಿನವರ ಮೇಲೆ ಹಾಕುವುದಿಲ್ಲ. ಗಜನಿ ಹಾಳಾಗಲು ಇಲ್ಲಿಯ ಕಾರಣಗಳೂ ಇವೆ. 1970ರ ದಶಕದಲ್ಲಿ ಹಳೆ ಮಣ್ಣಿನ ಕಟ್ಟೆಗಳ ಜಾಗದಲ್ಲಿ ಉಪ್ಪು ನೀರು ತಡೆಯುವ ಸರಕಾರಿ ಖಾರ್‌ಲ್ಯಾಂಡ್ ಯೋಜನೆಯ ಕಲ್ಲಿನ ಕಟ್ಟೆಗಳು ಬಂದವು. ಮೊದಲು ಕಟ್ಟೆ ನೋಡಿಕೊಳ್ಳುವುದು ಊರಿನವರ ಕೆಲಸ ಆಗಿತ್ತು. ಆಮೇಲೆ ಯಾರದ್ದೂ ಅಲ್ಲ ಎನ್ನುವ ಹಾಗಾಯಿತು. ಕಟ್ಟೆಯ ಹೊರಗಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೂ ಹೋದವು. 90ರ ದಶಕದಲ್ಲಿ ಸಿಗಡಿ ಕೃಷಿ ಬಂತು, ದುಡ್ಡು ಬಂತು, ಹಿಂದೆಯೇ ಬಿಳಿ ಚುಕ್ಕೆ ರೋಗ ಬಂತು. ಸಾಲ ಉಳಿಯಿತು. ಕಗ್ಗ ಬಿತ್ತುವವರು ಕಡಿಮೆ ಆದರು. ಮಾಣಿಕಟ್ಟಾದ ಕಡೆ ರೈತರು ಸಂಘ ಕಟ್ಟಿಕೊಂಡು ಈಗಲೂ ಒಟ್ಟಾಗಿ ಬೆಳೆಯುತ್ತಿದ್ದಾರೆ, ಅವರಿಂದಲೇ ಬೀಜ ಉಳಿದಿದೆ ಅನ್ನಬೇಕು.

ವೇದಾವತಿ ಬಯಲು:
ನಾನು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲೂಕಿನವನು. ನಿಮ್ಮ ಮಾತು ಗೌರವದಿಂದ ಓದಿದೆ. ಆದರೂ ನಮ್ಮ ಕಡೆಯದನ್ನು ಹೇಳಬೇಕು ಅನ್ನಿಸಿತು, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ವೇದಾವತಿಯ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಮಧ್ಯೆ ಎಷ್ಟು ತಲೆಮಾರು ಕಳೆಯಿತು ಯೋಚಿಸಿ. ತೆಂಗಿನ ತೋಟಗಳು ಕಣ್ಣೆದುರೇ ಒಣಗಿದ್ದನ್ನು ನೋಡಿದ್ದೇವೆ. ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡವರು ಇದ್ದಾರೆ. ನಿಮ್ಮಲ್ಲಿ ಮಳೆಗಾಲದಲ್ಲಿ ಹೊಳೆ ಉಕ್ಕಿ ಮನೆಗೆ ನೀರು ನುಗ್ಗುತ್ತದೆ, ಆ ನೀರೆಲ್ಲ ಸಮುದ್ರಕ್ಕೆ ಹೋಗುತ್ತದೆ. ಅದರಲ್ಲಿ ಒಂದು ಪಾಲು ಮಳೆಗಾಲದಲ್ಲಿ ಮಾತ್ರ ತೆಗೆದುಕೊಂಡರೆ ನಿಮಗೆ ನಷ್ಟ ಏನು? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ನೀರಲೆಕ್ಕ:
ಹಿರಿಯೂರಿನ ಅಣ್ಣನ ಪ್ರಶ್ನೆ ನ್ಯಾಯದ್ದು. ಸುಮ್ನೆ ಬೈದು ಕಳಿಸುವ ಪ್ರಶ್ನೆ ಅಲ್ಲ. ಉತ್ತರ ಪಕ್ಕದ ಹೊಳೆಯಲ್ಲೇ ಇದೆ.

ಶರಾವತಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಆಯಿತು, ಆಮೇಲೆ ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು ಕಟ್ಟು. ವಿದ್ಯುತ್ ತಯಾರಾದ ನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಬರುತ್ತದೆ. ಅಂದರೆ ಅಲ್ಲಿ ಸಿಹಿ ನೀರಿಗೆ ಬರ ಇಲ್ಲ, ಬದಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಜಾಸ್ತಿ ಬರುತ್ತದೆ. ಬೇಸಿಗೆಯಲ್ಲಿ ಅಳಿವೆಗೆ ಉಪ್ಪು ಬೇಕಾದಾಗ ಉಪ್ಪು ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಪರಿಸರ ವಿಜ್ಞಾನ ಕೇಂದ್ರದವರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿ ಅಳಿವೆಯಲ್ಲಿ ಮೀನಿನ ಜಾತಿಗಳು ಅಘನಾಶಿನಿಗಿಂತ ಬಹಳ ಕಡಿಮೆ, ಚಿಪ್ಪಿನ ಜೀವಿಗಳಂತೂ ಹೆಚ್ಚುಕಡಿಮೆ ಇಲ್ಲವಾಗಿವೆ. ಅಘನಾಶಿನಿಯಲ್ಲಿ ಅದೇ ಕೇಂದ್ರದ ಅಂದಾಜಿನಂತೆ ವರ್ಷಕ್ಕೆ 22 ಸಾವಿರ ಟನ್ ಬೆಳಚು, ಚಿಪ್ಪಿಕಲ್ಲಿನಂಥ ತಿನ್ನುವ ಚಿಪ್ಪಿನ ಜೀವಿಗಳು ಸಿಗುತ್ತಿದ್ದವು.

ಆದ್ದರಿಂದ ಎಷ್ಟು ನೀರು ಅನ್ನುವುದರ ಜೊತೆ ಯಾವಾಗ ನೀರು ಅನ್ನುವುದೂ ಅಷ್ಟೇ ಮುಖ್ಯ. ಮಳೆಗಾಲದ ನೆರೆ ಅಳಿವೆಯನ್ನು ತೊಳೆಯುತ್ತದೆ, ಹೊಸ ಮಣ್ಣು ತರುತ್ತದೆ, ಗಜನಿಯ ಉಪ್ಪು ತೆಗೆಯುತ್ತದೆ. ಚಳಿಗಾಲದಿಂದ ಮುಂದೆ ಒರತೆ ನೀರು ಸಣ್ಣದಾಗಿ ಬರುತ್ತಾ ಇದ್ದು ಸಮುದ್ರದ ಉಪ್ಪನ್ನು ತಕ್ಕ ಜಾಗದಲ್ಲಿ ತಡೆದು ನಿಲ್ಲಿಸುತ್ತದೆ. ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಅನ್ನುವ ಮಾತಿನಲ್ಲಿ ಈ ಎರಡೂ ಲೆಕ್ಕಕ್ಕೆ ಬರುವುದೇ ಇಲ್ಲ. ಅದೂ ಅಲ್ಲದೆ ಮಳೆಗಾಲದ ನೀರು ಹಿಡಿಯಬೇಕಾದರೂ ಕಟ್ಟು, ಕಾಲುವೆ, ರಸ್ತೆ ಎಲ್ಲ ಬೇಕು. ಅದೆಲ್ಲ ಬರುವುದು ಯಾವ ಕಾಡಿನಿಂದ ಒರತೆ ಹುಟ್ಟುತ್ತದೋ ಅದೇ ಕಾಡಿನಲ್ಲಿ.

ವೇದಾವತಿ ಬಯಲು:
ಶರಾವತಿ ವಿಷಯ ನಮ್ಮ ಕಡೆ ಯಾರೂ ಹೇಳಿರಲಿಲ್ಲ. ಹೊಳೆ ಬತ್ತಿದರೆ ಮೀನಿಗೆ ತೊಂದರೆ ಅಂತ ಗೊತ್ತಿತ್ತು, ನೀರು ಜಾಸ್ತಿ ಆದರೂ ತೊಂದರೆ ಅಂತ ಕೇಳಿದ್ದು ಇದೇ ಮೊದಲು. ಆದರೂ ನಮ್ಮ ಬಾಯಾರಿಕೆ ಹಾಗೇ ಇದೆ, ಅದನ್ನು ಯಾರಾದರೂ ಕೇಳಿಸಿಕೊಳ್ಳಬೇಕು. ನಮ್ಮ ಕೆರೆಗಳ ಹೂಳು ತೆಗೆಯುವ ಕೆಲಸಕ್ಕೆ ಇದೇ ಉತ್ಸಾಹದಲ್ಲಿ ದುಡ್ಡು ಬಂದಿದ್ದರೆ ನಾವು ನಿಮ್ಮ ಹೊಳೆ ಕಡೆ ನೋಡುತ್ತಿರಲಿಲ್ಲ.

ಭರತಿ ಇಳಿತ:
ಬೆಳಚಿನ ಮಾತು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಮ್ಮ, ದೊಡ್ಡಮ್ಮ ಎಲ್ಲರೂ ಬೆಳಚು ತೆಗೆದವರು. ನಾನೂ ಹೋಗಿದ್ದೇನೆ.

ಇಳಿತದ ಹೊತ್ತು ನೋಡಿಕೊಂಡು ಹೋಗಬೇಕು. ಆ ಹೊತ್ತು ದಿನಾ ಬದಲಾಗುತ್ತದೆ, ಒಂದು ದಿನ ಬೆಳಿಗ್ಗೆ ಅಡುಗೆ ಮುಗಿಸಿ ಹೋದರೆ ಮುಂದಿನ ವಾರ ಮಧ್ಯಾಹ್ನ ಬಿಸಿಲಿನಲ್ಲಿ. ಸೊಂಟದವರೆಗೆ ನೀರು. ಬುಟ್ಟಿಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡರೆ ಅದು ತೇಲುತ್ತಾ ಜೊತೆಗೇ ಬರುತ್ತದೆ. ಬೆಳಚು ಇರುವುದು ಕಾಲಿಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ. ಕೆಸರಿನಲ್ಲಿ ಗಟ್ಟಿಯಾಗಿ, ನುಣ್ಣಗೆ ಬೆರಳಿಗೆ ಸಿಕ್ಕಿದ ತಕ್ಷಣ ಬಗ್ಗಿ ಕೈ ಹಾಕಬೇಕು. ಮೊನಚು ಚಿಪ್ಪು ತಾಗಿದರೆ ಅಂಗಾಲು ಸೀಳುತ್ತದೆ. ಉಪ್ಪು ನೀರಿನಲ್ಲಿ ಆ ಗಾಯ ಬೇಗ ಮಾಯುವುದಿಲ್ಲ. ಭರತಿ ತಿರುಗುವುದರೊಳಗೆ ಎಷ್ಟು ಸಿಕ್ಕಿತೋ ಅಷ್ಟು. ದಡಕ್ಕೆ ಬಂದ ಮೇಲೆ ತೊಳೆದು, ಮಾರುವವರು ಮಾರುತ್ತಾರೆ, ಒಂದಿಷ್ಟು ಗೋವಾಕ್ಕೆ ಹೋಗುತ್ತದೆ. ಮನೆಗೆ ಇಟ್ಟುಕೊಂಡಿದ್ದನ್ನು ಬೇಯಿಸಿದರೆ ಚಿಪ್ಪು ತಾನೇ ಬಾಯಿ ಬಿಡುತ್ತದೆ. ತೆಂಗಿನಕಾಯಿ ಹಾಕಿ ಸುಕ್ಕಾ ಮಾಡಿದರೆ ಬೇರೆ ಪಲ್ಯ ಬೇಡ.

ಹೊಳೆಯಲ್ಲಿ ಒಂದೇ ಬೆಳಚು ಎಲ್ಲ ಕಡೆ ಸಿಗುವುದಿಲ್ಲ. ಕಡಲಿನ ಹತ್ತಿರ ಒಂದು ಜಾತಿ, ದಿವಗಿ ಕಡೆ ಮೇಲೆ ಹೋದಂತೆ ಸಿಹಿ ನೀರು ತಾಳುವ ಕಪ್ಪು ಚಿಪ್ಪಿನದು. ಉಪ್ಪು ಎಲ್ಲಿಯವರೆಗೆ ಏರಿತು ಅನ್ನುವುದರ ಮೇಲೆ ಅದರ ಜಾಗ ನಿಂತಿದೆ. ಮೇಲಿನ ಅಣ್ಣ ತಮ್ಮ ಒರತೆ ಸಣ್ಣ ಆಯಿತು ಅಂದಾಗ ನನಗೆ ಇದೇ ನೆನಪಾಯಿತು.

ಈ ಕೆಲಸದಲ್ಲಿ ಹೆಂಗಸರಿಗೆ ಬಂಡವಾಳ ಬೇಡ, ದೋಣಿ ಬೇಡ, ಯಾರ ಕೈಕೆಳಗೂ ಇರಬೇಕಿಲ್ಲ. ಅಂಬಿಗರು, ಹರಿಕಾಂತರು, ಹಾಲಕ್ಕಿಗಳು, ಬೇರೆಯವರು, ಎಲ್ಲ ಮನೆಯವರೂ ಇಳಿಯುತ್ತಾರೆ. ಗಂಡ ದುಡಿಯಲಾಗದ ಮನೆಯಲ್ಲಿ ಮಕ್ಕಳ ಶಾಲೆ ಫೀಸು ಇದರಿಂದಲೇ ಕಟ್ಟಿದ್ದನ್ನು ನೋಡಿದ್ದೇನೆ. ಆದರೆ ಸರಕಾರಿ ಲೆಕ್ಕದಲ್ಲಿ ಇವರು ಮೀನುಗಾರರೂ ಅಲ್ಲ, ಕೂಲಿಗಳೂ ಅಲ್ಲ. ಯೋಜನೆ ಬಂದಾಗ ಪರಿಹಾರದ ಪಟ್ಟಿಯಲ್ಲಿ ಇವರ ಹೆಸರು ಇರುತ್ತದಾ? ಜಮೀನು ಪಹಣಿ ತೋರಿಸಿದವರಿಗೆ ಪರಿಹಾರ, ಹೊಳೆಗೆ ಪಹಣಿ ಎಲ್ಲಿಂದ ತರುವುದು?

ಇನ್ನೊಂದು ಮಾತು. ಮರಳು ತೆಗೆಯುವುದರಿಂದ ಮತ್ತು ಎಳೆ ಬೆಳಚನ್ನೂ ಬಿಡದೆ ತೆಗೆಯುವುದರಿಂದ ಈಗ ಮೊದಲಿನಷ್ಟು ಸಿಗುತ್ತಿಲ್ಲ. ಇದನ್ನು ನಾವೇ ಸರಿಮಾಡಿಕೊಳ್ಳಬೇಕು.

ಮಸ್ಕತ್‌ನಿಂದ ಕುಮಟಾ:
ಅಕ್ಕಾ, ಬೆಳಚು ಸುಕ್ಕಾ ಅಂತ ಓದಿ ಇಲ್ಲಿ ರೂಮಿನಲ್ಲಿ ಮೂವರು ಕುಮಟಾದವರು ಊರಿಗೆ ಫೋನ್ ಮಾಡಿದೆವು. ಒಂದು ಪ್ರಶ್ನೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನ್ನುವ ಮಾನ್ಯತೆ, ಬಂತಲ್ಲ, ಅದರಿಂದ ಏನಾದರೂ ಬದಲಾಗಿದೆಯಾ?

ನೀರಲೆಕ್ಕ:
ಪಟ್ಟ ಬಂದದ್ದು 2024ರ ಜನವರಿ ಕೊನೆಯಲ್ಲಿ, 4,801 ಹೆಕ್ಟೇರ್‌ಗೆ. ಅಳಿವೆಯನ್ನು ನಂಬಿ 6 ಸಾವಿರದಿಂದ ಏಳೂವರೆ ಸಾವಿರ ಕುಟುಂಬಗಳು ಬದುಕುತ್ತಿವೆ ಅಂತ ಸರಕಾರವೇ ಆಗ ಹೇಳಿತು. ಮೀನು, ಬೆಳಚು, ಏಡಿ, ಗಜನಿ, ಉಪ್ಪು ಎಲ್ಲ ಸೇರಿ. ಇದು ಕಾಗದದಲ್ಲಿ ಬಂದದ್ದೇ ದೊಡ್ಡ ಲಾಭ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಹಿಂದೆ ತದಡಿಯಲ್ಲಿ 4,000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ತರಲು ಹೊರಟಾಗ ಅದು ಪಾಳು ಜಾಗ ಅನ್ನುವ ಧಾಟಿಯಲ್ಲೇ ಮಾತು ನಡೆದಿತ್ತು. ಜನ ಎದ್ದು ನಿಂತರು, ವಿಜ್ಞಾನಿಗಳು ಅಳಿವೆಯಿಂದ ವರ್ಷಕ್ಕೆ ಎಷ್ಟು ಆದಾಯ ಬರುತ್ತದೆ ಅಂತ ಲೆಕ್ಕ ಕೊಟ್ಟರು, ಆ ಯೋಜನೆ ಹೋಯಿತು. ಮುಂದೆ ಬಂದರಿನ ಮಾತು ಬಂತು.

ಆದರೆ ರಾಮ್ಸಾರ್ ಗೆರೆ ಎಳೆದಿರುವುದು ಅಳಿವೆಗೆ ಮಾತ್ರ. ಅದಕ್ಕೆ ನೀರು ಕೊಡುವ ಘಟ್ಟ ಆ ಗೆರೆಯ ಹೊರಗಿದೆ. ಮೇಲೆ 2011ರಲ್ಲಿ ಸಿಂಗಳೀಕಗಳಿಗಾಗಿ ಅಘನಾಶಿನಿ ಹೆಸರಿನಲ್ಲೇ ಒಂದು ಸಂರಕ್ಷಿತ ಪ್ರದೇಶ ಮಾಡಿದ್ದಾರೆ, ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳು (ಸಿಹಿ ನೀರಿನ ಜೌಗು ಕಾಡುಗಳು) ಅದರೊಳಗೆ ಬರುತ್ತವೆ. ಮೇಲೊಂದು, ಕೆಳಗೊಂದು. ನಡುವಿನ ಬೆಟ್ಟ, ತೋಟ, ಪೇಟೆ, ಸಣ್ಣ ಹಳ್ಳಗಳು ಎರಡರಲ್ಲೂ ಇಲ್ಲ. ತೋಟದಂಚು ಅವರು ಕೇಳಿದ ಪ್ರಶ್ನೆ ಬೀಳುವುದು ಅಲ್ಲೇ.

ಶಿರಸಿ ಪೇಟೆ:
ಪೇಟೆ ಅಂದಿರಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಹೊಳೆ ನಮ್ಮ ಊರಿನ ಮಧ್ಯೆ ಹುಟ್ಟುತ್ತದೆ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಹೊಂಡದಿಂದ ಮುಂದೆ ಹಳ್ಳ ಹೋಗುವ ದಾರಿಯಲ್ಲಿ ನಡೆದು ನೋಡಿ. ಚರಂಡಿ ನೀರು, ಪ್ಲಾಸ್ಟಿಕ್, ಕಟ್ಟಡದ ಮಣ್ಣು. ಮಾರಿಕಾಂಬಾ ಜಾತ್ರೆಗೆ ಊರು ತೊಳೆಯುವ ನಾವು ಹಳ್ಳ ತೊಳೆಯುವುದಿಲ್ಲ. ಅಣೆಕಟ್ಟು ಬೇಡ ಅಂತ ಮೆರವಣಿಗೆಗೆ ಬರುವ ನಮ್ಮಂಥವರು ಮೊದಲು ಈ ಒಂದು ಹಳ್ಳ ನೋಡಿಕೊಳ್ಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕುಮಟಾದ ಅಕ್ಕ ಸೊಂಟದವರೆಗೆ ಇಳಿಯುವುದು ಇದೇ ನೀರಿಗೆ.

ತೋಟದಂಚು:
ಇಷ್ಟು ಜನ ಬರೆದದ್ದು ನೋಡಿ ನಿಜವಾಗಿ ಖುಷಿ ಆಯಿತು. ಬೆಳಚಿನ ವಿಷಯ ಬರೆದ ಅಕ್ಕನಿಗೆ ವಿಶೇಷ ಧನ್ಯವಾದ. ಹಿರಿಯೂರಿನವರಿಗೂ.

ಒರತೆ ಯಾಕೆ ಸಣ್ಣದಾಯಿತು ಅನ್ನುವುದಕ್ಕೆ ನಮ್ಮ ಕಡೆಯ ಉತ್ತರ ಕೊಡುತ್ತೇನೆ. ಉತ್ತರ ಕನ್ನಡದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬ್ರಿಟಿಷರ ಕಾಲದಿಂದ ಬಂದಿದೆ. ಅಲ್ಲಿಂದ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ನಮ್ಮದು. ಚೆನ್ನಾಗಿ ನೋಡಿಕೊಂಡ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನೇರಳೆ, ಉಪ್ಪಾಗೆ ಎಲ್ಲ ಇರುತ್ತವೆ. ಆದರೆ ಎಷ್ಟೋ ಬೆಟ್ಟ ಈಗ ಕಡಿದು ಕಡಿದು ಬೋಳಾಗಿದೆ. ಇನ್ನು ಕೆಲವು ಕಡೆ ಗುಡ್ಡಕ್ಕೆ ಗುಡ್ಡವೇ ಅಕೇಶಿಯಾ. ಅದೇ ಐಐಎಸ್‌ಸಿ ಕೇಂದ್ರದವರ ಅಧ್ಯಯನ ಹೇಳುವುದು: ಹಳ್ಳದ ಜಲಾನಯನದಲ್ಲಿ ಇಲ್ಲಿಯದೇ ಜಾತಿಯ ಮರಗಳ ಕಾಡು ಶೇ. 60ಕ್ಕಿಂತ ಜಾಸ್ತಿ ಇದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಹಾಳಾದ ಅಥವಾ ಒಂದೇ ಜಾತಿ ಗಿಡ ನೆಟ್ಟ ಕಡೆ ಮಳೆ ಹೋಗಿ ಕೆಲವೇ ತಿಂಗಳಲ್ಲಿ ಒಣಗುತ್ತದೆ. ನಮ್ಮ ಊರಿನಲ್ಲಿ ಎರಡು ಹಳ್ಳ ಅಕ್ಕಪಕ್ಕ ಇವೆ. ಮಳೆ ಅದೇ, ಮಣ್ಣು ಅದೇ. ಕಾನು, ಅಂದರೆ ಹಳೆಯ ದಟ್ಟ ಕಾಡು, ಉಳಿದಿರುವ ಹಳ್ಳದಲ್ಲಿ ಮೇ ತಿಂಗಳಲ್ಲೂ ಏಡಿ ಇರುತ್ತದೆ, ಅಕೇಶಿಯಾ ಕಡೆಯದು ಫೆಬ್ರುವರಿಗೇ ಕಲ್ಲು.

ಇಂಗುಗುಂಡಿ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ತೆಗೆಯಬೇಕು, ಆದರೆ ಎಲ್ಲೆಂದರಲ್ಲಿ ಬೇಡ. ಕಡಿದಾದ ಗುಡ್ಡದ ನೆತ್ತಿಯಲ್ಲಿ ಜೆಸಿಬಿಯಿಂದ ಉದ್ದುದ್ದ ಅಗೆದು ನೀರು ನಿಲ್ಲಿಸಿದರೆ ಶೇಡಿ ಮಣ್ಣು ನೆನೆದು ಗುಡ್ಡವೇ ಜಾರಬಹುದು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನೋಡಿದ್ದೇವಲ್ಲ. ಇಳಿಜಾರು ಕಡಿಮೆ ಇರುವಲ್ಲಿ ಸಣ್ಣ ಗುಂಡಿ, ಕಡಿದಾಗಿರುವಲ್ಲಿ ಗಿಡ. ಒರತೆಯ ಬಾಯಿ ಸುತ್ತ ಕಡಿಯುವುದೇ ಬೇಡ.

ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಕಡೆ ಒಳ್ಳೆ ಅಪ್ಪೆ ಮರಗಳು ಇರುವುದು ಹೊಳೆ ದಂಡೆಯಲ್ಲೇ. 2009ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಮಿಡಿಗೆ ದರ ಬಂದ ಮೇಲೆ ಕೊಂಬೆಗೆ ಕೊಂಬೆಯನ್ನೇ ಕಡಿದು ಕೆಡಗುತ್ತಾರೆ. ಹತ್ತಿ ಕೊಯ್ಯಿರಿ ಅಥವಾ ಕಸಿ ಕಟ್ಟಿ ತೋಟದಲ್ಲಿ ಬೆಳೆಸಿ. ದಂಡೆಯ ದೊಡ್ಡ ಮರ ಹೋದರೆ ದಂಡೆಯೂ ಹೋಗುತ್ತದೆ.

ಗಜನಿಮಣ್ಣು:
ಅಣ್ಣ, ಒಂದು ಕೆಲಸ ಮಾಡೋಣವಾ? ಕಗ್ಗ ಕೊಯ್ಲಿನ ಹೊತ್ತಿಗೆ, ಅಕ್ಟೋಬರ್‌ನಲ್ಲಿ, ಘಟ್ಟದ ಮೇಲಿನವರು ಕೆಳಗೆ ಬನ್ನಿ. ದೋಣಿಯಲ್ಲಿ ಹೋಗಿ ಗಜನಿ, ಕಾಂಡ್ಲಾ, ಸಾಣಿಕಟ್ಟಾದ ಉಪ್ಪಿನ ಆಗರ ಎಲ್ಲ ತೋರಿಸುತ್ತೇವೆ. ಏಪ್ರಿಲ್‌ನಲ್ಲಿ ನಾವು ಮೇಲೆ ಬರುತ್ತೇವೆ, ಒರತೆ ಎಲ್ಲಿ ಇದೆ, ಎಲ್ಲಿ ಒಣಗಿದೆ ಅಂತ ನೀವು ತೋರಿಸಿ. ಹಿರಿಯೂರಿನ ಅಣ್ಣನೂ ಬರಲಿ, ಅವರ ಕೆರೆ ನೋಡಲು ನಾವೂ ಹೋಗೋಣ.

ವೇದಾವತಿ ಬಯಲು:
ಖಂಡಿತ ಬರುತ್ತೇನೆ. ನಮ್ಮ ಊರಿನಿಂದ ಇನ್ನೂ ಒಂದಿಬ್ಬರು ರೈತರನ್ನು ಕರೆದುಕೊಂಡು ಬರುತ್ತೇನೆ. ಅವರು ನನಗಿಂತ ಗಟ್ಟಿಯಾಗಿ ಕೇಳುತ್ತಾರೆ, ತಯಾರಾಗಿರಿ.

ಭರತಿ ಇಳಿತ:
ಬರುವವರು ಪಂಚಾಂಗ ನೋಡಿ ದಿನ ಗೊತ್ತು ಮಾಡಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇಳಿತ ಜಾಸ್ತಿ, ಹೊಳೆ ತಳ ಚೆನ್ನಾಗಿ ಕಾಣುತ್ತದೆ. ಹೆಂಗಸರೂ ಬನ್ನಿ, ಗಂಡಸರು ಮಾತ್ರ ಬಂದು ಫೋಟೋ ತೆಗೆದುಕೊಂಡು ಹೋಗುವುದು ಬೇಡ.

ತೋಟದಂಚು:
ಆಯ್ತು. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಈ ವಾರವೇ ಹೇಳುತ್ತೇನೆ. ಶಿರಸಿಯಿಂದ ಒಂದು ಟೆಂಪೋ ಮಾಡೋಣ, ದೇವಿಮನೆ ಘಟ್ಟದ ರಸ್ತೆ ಆಗ ಹೇಗಿರುತ್ತದೆ ಅಂತ ಕುಮಟಾದವರು ಮುಂಚೆ ತಿಳಿಸಿ. ಬರುವವರು ಊರು ಮತ್ತು ಎಷ್ಟು ಜನ ಅಂತ ಕೆಳಗೆ ಬರೆಯಿರಿ.